ಮರ ಕಪಾತಿನ ದಿನ ಕೈಗೆಟಕುವ ದೂರದಲ್ಲಿ ಕುಳಿತಿದ್ದ ಪುಟ್ಟ ಗೂಬೆ: ಇದು ಯಾವುದು, ಮರವನ್ನು ಏನು ಮಾಡಲಿ?

ನಾಪೋಕ್ಲು ಸಮೀಪದ ಬೆಳೆಗಾರ್ತಿ (ಮೂಲ ಬರಹ)

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಈ ವೇದಿಕೆಯಲ್ಲಿ ಕಾಫಿ ಮತ್ತು ಕರಿಮೆಣಸಿನ ವಿಷಯಗಳನ್ನು ಮಾತ್ರ ಕೇಳಿ ತಿಳಿದುಕೊಂಡವಳು ನಾನು. ಹಕ್ಕಿಯ ಬಗ್ಗೆ ಬರೆಯುತ್ತಿರುವುದು ಇದೇ ಮೊದಲು. ತಿಳಿದವರು ಸಮಾಧಾನದಿಂದ ಓದಿ ಉತ್ತರಿಸಬೇಕೆಂದು ಕೋರುತ್ತೇನೆ.

ಮೇ ತಿಂಗಳ ಮೊದಲ ವಾರದಲ್ಲಿ, ನಮ್ಮ ತೋಟದ ಕೆಳಭಾಗದಲ್ಲಿ ಗದ್ದೆಗೆ ತಾಗಿಕೊಂಡಿರುವ ರೊಬಸ್ಟಾ ಕಾಫಿಯ ಪಟ್ಟಿಯಲ್ಲಿ ಮರ ಕಪಾತು, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ನಡೆಯುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಕೆಲಸದವರಿಗೆ ಕಾಫಿ ತೆಗೆದುಕೊಂಡು ಇಳಿದಾಗ, ಒಂದು ಹಳೆಯ ಹಾಲುವಾಣ ಮರದ ಬಳಿ ಪಿಕಳಾರಗಳೂ ಎರಡು ಕಾಜಾಣಗಳೂ ಸೇರಿಕೊಂಡು ಬಹಳ ಗಲಾಟೆ ಮಾಡುತ್ತಿದ್ದವು. ಹಾವು ಇರಬಹುದೆಂದು ಭಾವಿಸಿ ನಾನು ನಿಂತಲ್ಲೇ ನಿಂತು ಸುತ್ತಲೂ ನೋಡಿದೆ. ಪಕ್ಕದ ಮರದ ಮೆಣಸಿನ ಬಳ್ಳಿಯಲ್ಲಿ, ನನ್ನ ಮುಖದ ಎತ್ತರಕ್ಕೇ, ಮುರಿದ ತೊಗಟೆಯ ಚೂರೊಂದು ನೆಟ್ಟಗೆ ನಿಂತಂತೆ ಕಾಣಿಸಿತು. ಅದು ತೊಗಟೆಯಲ್ಲ, ಹಕ್ಕಿ ಎಂದು ತಿಳಿಯುವಷ್ಟರಲ್ಲಿ ನಾನು ಅದರಿಂದ ಮೂರು ಅಡಿ ದೂರದಲ್ಲಿದ್ದೆ.

ಒಣಗಿದ ಹಲಸಿನ ಎಲೆಯ ಬಣ್ಣ. ನನ್ನ ಅಂಗೈಯ ಉದ್ದಕ್ಕಿಂತ ಸ್ವಲ್ಪ ಹೆಚ್ಚು. ತಲೆಯ ಮೇಲೆ ಎರಡು ಪುಟ್ಟ ಕೊಂಬುಗಳು ನೆಟ್ಟಗೆ ಎದ್ದಿದ್ದವು, ಮೈ ಕಡ್ಡಿಯಂತೆ ತೆಳ್ಳಗಾಗಿತ್ತು, ಕಣ್ಣುಗಳು ಸೀಳಿನಷ್ಟು ಮಾತ್ರ ತೆರೆದಿದ್ದವು. ನಾನು ಉಸಿರು ಬಿಗಿಹಿಡಿದು ಸುಮಾರು ಹತ್ತು ನಿಮಿಷ ನೋಡುತ್ತಾ ನಿಂತೆ. ಅದು ಒಮ್ಮೆಯೂ ಅಲುಗಾಡಲಿಲ್ಲ. ಹುಟ್ಟಿದಾಗಿನಿಂದ ತೋಟದಲ್ಲೇ ಇದ್ದರೂ, ರಾತ್ರಿ ಗೂಬೆಯ ದನಿಯನ್ನು ಎಷ್ಟೋ ಸಲ ಕೇಳಿದ್ದರೂ, ಒಂದು ಗೂಬೆ ನನ್ನೆದುರು ಹೀಗೆ ಕುಳಿತದ್ದನ್ನು ನಾನು ಕಂಡಿರಲಿಲ್ಲ. ಅದಕ್ಕೆ ನನ್ನ ಮೇಲೆ ನಂಬಿಕೆ ಹುಟ್ಟಿರಬೇಕು ಎಂದು ನನಗೆ ಅನ್ನಿಸಿತು, ಕಣ್ಣು ತುಂಬಿ ಬಂತು.

ಆಮೇಲೆ ಮರದ ಮೇಲಿದ್ದ ಕೆಲಸದ ಅಣ್ಣ, ಆ ಹಾಲುವಾಣದ ಒಣಗಿದ ಕೊಂಬೆಯಲ್ಲಿ ಒಂದು ಪೊಟರೆ ಇದೆಯೆಂದೂ ಒಳಗೆ ಏನೋ ಮಿಸುಕಾಡಿತೆಂದೂ ಹೇಳಿ ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದುಬಿಟ್ಟರು. ಆ ಕೊಂಬೆಯನ್ನು ಈ ವಾರ ತೆಗೆಯಲೇಬೇಕಿತ್ತು. ನನ್ನ ಪ್ರಶ್ನೆಗಳು ಎರಡು. ಇದು ಯಾವ ಗೂಬೆ? ಆ ಮರವನ್ನು ನಾನು ಏನು ಮಾಡಲಿ?

ಪೊನ್ನಂಪೇಟೆಯ ಹಕ್ಕಿ ವೀಕ್ಷಕರು

ಅಕ್ಕಾ, ಬಹಳ ಚೆನ್ನಾಗಿ ಗಮನಿಸಿದ್ದೀರಿ. ಹೆಸರು ಹೇಳುವ ಮೊದಲು ನಾಲ್ಕು ವಿವರಗಳು ಬೇಕು. ಕಣ್ಣು ಪೂರ್ತಿ ತೆರೆದದ್ದನ್ನು ನೋಡಿದಿರಾ, ಅದರ ಬಣ್ಣ ಯಾವುದು? ಕತ್ತಿನ ಹಿಂಭಾಗದಲ್ಲಿ ಕೊರಳಪಟ್ಟಿಯಂತೆ ತಿಳಿ ಬಣ್ಣದ ಗೆರೆ ಇತ್ತೇ? ಕೊಕ್ಕು ಸಣ್ಣದಾಗಿ ಬಾಗಿತ್ತೋ, ಮುಖದಷ್ಟೇ ಅಗಲವಾಗಿತ್ತೋ? ಕಾಲ್ಬೆರಳುಗಳು ಬಳ್ಳಿಯನ್ನು ಬಲವಾಗಿ ಹಿಡಿದಿದ್ದವೇ? ಇವಕ್ಕೆ ಉತ್ತರ ಸಿಗುವವರೆಗೆ ಆ ಕೊಂಬೆಯನ್ನು ಮುಟ್ಟಬೇಡಿ.

ಮಡಿಕೇರಿಯ ಛಾಯಾಗ್ರಾಹಕರು

ಒಣಗಿದ ಹಲಸಿನ ಎಲೆಯಂಥ ಕೆಂಗಂದು ಬಣ್ಣ ಎಂದರೆ ಇದು ಶ್ರೀಲಂಕಾ ಬೇ ಔಲ್ ಎಂಬ ಅಪರೂಪದ ಗೂಬೆ ಆಗಿರುವ ಸಾಧ್ಯತೆಯಿದೆ, ಹಾಗಿದ್ದರೆ ಇದು ದೊಡ್ಡ ಸುದ್ದಿ. ಇಲ್ಲವಾದರೆ ಕಪ್ಪೆಬಾಯಿ ಹಕ್ಕಿ ಇರಬಹುದು. ದಯವಿಟ್ಟು ತೋಟದ ಸ್ಥಳವನ್ನು ತಿಳಿಸಿ. ನಾಳೆ ಬೆಳಿಗ್ಗೆಯೇ ಇಬ್ಬರು ಗೆಳೆಯರೊಂದಿಗೆ ಬಂದು ಚಿತ್ರ ತೆಗೆದು ದಾಖಲೆಗೆ ಸೇರಿಸುತ್ತೇವೆ.

ನಾಪೋಕ್ಲು ಸಮೀಪದ ಬೆಳೆಗಾರ್ತಿ

ಪೊನ್ನಂಪೇಟೆಯವರಿಗೆ ನನ್ನ ಉತ್ತರ ಹೀಗಿದೆ. ಕಾಜಾಣವೊಂದು ತೀರಾ ಹತ್ತಿರಕ್ಕೆ ಎರಗಿದಾಗ ಆ ಹಕ್ಕಿ ಒಂದು ಕ್ಷಣ ಕಣ್ಣನ್ನು ಪೂರ್ತಿ ತೆರೆಯಿತು. ಅರಿಶಿನದಂಥ ಹಳದಿ, ನಡುವೆ ಕಪ್ಪು ಬೊಟ್ಟು. ಕತ್ತಿನಲ್ಲಿ ಪಟ್ಟಿ ಕಾಣಿಸಲಿಲ್ಲ. ಭುಜದ ಮೇಲೆ ಓರೆಯಾಗಿ ಬಿಳಿ ಚುಕ್ಕೆಗಳ ಸಾಲೊಂದಿತ್ತು, ಎದೆಯ ಮೇಲೆ ಶಾಯಿಯಲ್ಲಿ ಎಳೆದಂಥ ಸಣ್ಣ ಕಪ್ಪು ಗೀರುಗಳಿದ್ದವು. ಕೊಕ್ಕು ಪುಟ್ಟದು, ಗರಿಗಳಲ್ಲಿ ಅರ್ಧ ಹುದುಗಿತ್ತು. ಉಗುರುಗಳು ಬಳ್ಳಿಯನ್ನು ಚೆನ್ನಾಗಿ ಹಿಡಿದಿದ್ದವು.

ಮಡಿಕೇರಿಯವರೇ, ನಿಮ್ಮ ಉತ್ಸಾಹ ನನಗೆ ಅರ್ಥವಾಗುತ್ತದೆ. ಆದರೆ ಪೊಟರೆಯ ವಿಷಯ ಇತ್ಯರ್ಥವಾಗುವವರೆಗೆ ಸ್ಥಳ ಹೇಳಲು ನನಗೆ ಮನಸ್ಸಿಲ್ಲ. ಬೇಸರಪಟ್ಟುಕೊಳ್ಳಬೇಡಿ.

ಪೊನ್ನಂಪೇಟೆಯ ಹಕ್ಕಿ ವೀಕ್ಷಕರು

ನಿಮ್ಮ ವಿವರಣೆ ಒಂದು ಒಳ್ಳೆಯ ಚಿತ್ರದಷ್ಟೇ ಸ್ಪಷ್ಟವಾಗಿದೆ. ಇದು ಚಿಟ್ಟುಗೂಬೆ, ಓರಿಯೆಂಟಲ್ ಸ್ಕಾಪ್ಸ್ ಔಲ್ ಎಂದು ಕರೆಯುವ ಪ್ರಭೇದ. ಇದು ಬೂದು, ಕಂದು ಮತ್ತು ಕೆಂಗಂದು ಬಣ್ಣಗಳಲ್ಲಿ ಕಾಣಸಿಗುತ್ತದೆ. ನೀವು ಕಂಡದ್ದು ಕೆಂಗಂದಿನದು. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 19 ಸೆಂಟಿಮೀಟರ್ ಉದ್ದವಿರುವ ಈ ಹಕ್ಕಿಯ ತೂಕ 100 ಗ್ರಾಂ ಕೂಡ ಇರುವುದಿಲ್ಲ.

ಉಳಿದವುಗಳನ್ನು ಏಕೆ ಬಿಟ್ಟೆನೆಂಬುದನ್ನೂ ಹೇಳಿಬಿಡುತ್ತೇನೆ. ನಮ್ಮ ತೋಟಗಳಲ್ಲಿ ಇದಕ್ಕಿಂತ ಸ್ವಲ್ಪ ದೊಡ್ಡದಾದ, ಕೊಂಬಿರುವ ಇನ್ನೊಂದು ಗೂಬೆಯಿದೆ. ಅದು ಇಂಡಿಯನ್ ಸ್ಕಾಪ್ಸ್ ಔಲ್. ಅದರ ಕಣ್ಣು ಸಾಮಾನ್ಯವಾಗಿ ಗಾಢ ಕಂದು, ಕತ್ತಿನ ಹಿಂದೆ ತಿಳಿಬಣ್ಣದ ಪಟ್ಟಿ ಇರುತ್ತದೆ. ಹಾಲಕ್ಕಿ ಎಂಬ ಸಣ್ಣ ಗೂಬೆಗೂ ಕಾಡಿನ ಪಟ್ಟೆಗೂಬೆಗೂ ಕೊಂಬುಗಳೇ ಇಲ್ಲ, ತಲೆ ದುಂಡಗಿರುತ್ತದೆ. ಬೇ ಔಲ್ ಇದಕ್ಕಿಂತ ಬಹಳ ದೊಡ್ಡದು. ಕಣ್ಣು ಕಪ್ಪು, ಮುಖದ ಆಕಾರವೇ ಬೇರೆ. ದಕ್ಷಿಣ ಭಾರತದ ಅದರ ಉಪಪ್ರಭೇದವನ್ನು ವಿಜ್ಞಾನಿಗಳು ವಿವರಿಸಿದ್ದೇ 1978ರಲ್ಲಿ, ಕೇರಳದ ನೆಲ್ಲಿಯಾಂಪತಿ ಬೆಟ್ಟಗಳಲ್ಲಿ ಸಿಕ್ಕ ಹಕ್ಕಿಯಿಂದ. ಕಪ್ಪೆಬಾಯಿ ಹಕ್ಕಿಯಂತೂ ಗೂಬೆಯೇ ಅಲ್ಲ. ಅದರ ಬಾಯಿ ಮುಖದಷ್ಟಗಲ, ಕಾಲುಗಳು ದುರ್ಬಲ. ಮಡಿಕೇರಿಯವರು ಅದನ್ನು ನೆನಪಿಸಿಕೊಂಡದ್ದು ಮಾತ್ರ ಸರಿಯಾಗಿಯೇ ಇದೆ. ಅದರ ಹೆಣ್ಣು ಕೂಡ ಕೆಂಗಂದು, ಹಗಲಿನಲ್ಲಿ ಹೀಗೆಯೇ ತಗ್ಗಿನ ಬಳ್ಳಿಗಳಲ್ಲಿ ಕುಳಿತಿರುತ್ತದೆ.

ದಾಖಲೆಯ ಮಾತು ಬಂದದ್ದರಿಂದ ಒಂದು ವಿಷಯ. ಫಾರೆಸ್ಟ್ ಔಲೆಟ್ ಎಂಬ ಮಧ್ಯಭಾರತದ ಪುಟ್ಟ ಗೂಬೆ 1884ರ ನಂತರ ಯಾರಿಗೂ ಸಿಗದೆ, 1997ರಲ್ಲಿ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸೆನ್ ಮತ್ತು ಜೊತೆಗಾರರಿಗೆ ಮಹಾರಾಷ್ಟ್ರದಲ್ಲಿ ಮತ್ತೆ ಕಾಣಿಸಿತು. 1914ರಲ್ಲಿ ಗುಜರಾತಿನಲ್ಲಿ ಸಿಕ್ಕಿತೆಂದು ಹೇಳಲಾಗಿದ್ದ ಒಂದು ಮಾದರಿ, ವಸ್ತುಸಂಗ್ರಹಾಲಯದಿಂದ ಕದ್ದು ಸುಳ್ಳು ಚೀಟಿ ಅಂಟಿಸಿದ್ದೆಂದು ಅವರು ಮೊದಲೇ ಪತ್ತೆ ಹಚ್ಚಿದ್ದರಿಂದ ಸರಿಯಾದ ಜಾಗದಲ್ಲಿ ಹುಡುಕಲು ಸಾಧ್ಯವಾಯಿತು. ಸಣ್ಣ ಗೂಬೆಗಳ ವಿಷಯದಲ್ಲಿ ಆತುರದಿಂದ ಬರೆದ ಒಂದು ಹೆಸರು ಮುಂದಿನವರನ್ನು ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎಂಬುದಕ್ಕಾಗಿ ಇದನ್ನು ಹೇಳಿದೆ.

ಇನ್ನು ಹೇಳಲು ಸ್ವಲ್ಪ ಕಷ್ಟವಾಗುವ ಮಾತು. ಅಕ್ಕಾ, ಅದು ಹಾರದೆ ಕುಳಿತದ್ದು ನಂಬಿಕೆಯಿಂದಲ್ಲ. ಮೈಯನ್ನು ಕಡ್ಡಿಯಂತೆ ತೆಳ್ಳಗೆ ಮಾಡಿ, ಕೊಂಬುಗಳನ್ನು ಎತ್ತಿ, ಕಣ್ಣುಗಳನ್ನು ಸೀಳಿನಷ್ಟಕ್ಕೆ ಇಳಿಸುವುದು ಚಿಟ್ಟುಗೂಬೆ ಅಪಾಯವನ್ನು ಕಂಡಾಗ ತಾಳುವ ಭಂಗಿ. ಹಗಲಿನಲ್ಲಿ ಹಾರಿದರೆ ಕಾಜಾಣ, ಕಾಗೆ, ಗಿಡುಗ ಎಲ್ಲವೂ ಬೆನ್ನು ಹತ್ತುತ್ತವೆ. ತಾನು ತೊಗಟೆಯೆಂದು ನೋಡುವವರು ನಂಬುವುದೇ ಅದಕ್ಕಿರುವ ರಕ್ಷಣೆ. ಆ ಕೊಂಬುಗಳು ಕೂಡ ಕಿವಿಗಳಲ್ಲ, ತಲೆಯ ಅಂಚನ್ನು ಮುರಿದ ಕೊಂಬೆಯಂತೆ ತೋರಿಸುವ ಗರಿಗಳು. ನೆಮ್ಮದಿಯಲ್ಲಿರುವ ಚಿಟ್ಟುಗೂಬೆ ದುಂಡಗೆ ಉಬ್ಬಿಕೊಂಡಿರುತ್ತದೆ, ಆಗ ಕೊಂಬುಗಳು ಕಾಣುವುದೇ ಇಲ್ಲ. ಹತ್ತು ನಿಮಿಷವೂ ಅದು ನೀವು ಹೊರಟುಹೋಗಲಿ ಎಂದು ಕಾಯುತ್ತಿತ್ತು. ಇದನ್ನು ನಿಮ್ಮನ್ನು ನೋಯಿಸಲು ಬರೆಯುತ್ತಿಲ್ಲ. ನಾನೂ ಮೊದಲ ಸಲ ಕಂಡಾಗ ಅರ್ಧ ಗಂಟೆ ಕದಲದೆ ನಿಂತವನೇ.

ನಾಪೋಕ್ಲು ಸಮೀಪದ ಬೆಳೆಗಾರ್ತಿ

ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನನ್ನ ಜೀವನದ ಅಷ್ಟು ಒಳ್ಳೆಯ ಹತ್ತು ನಿಮಿಷಗಳು ಅದಕ್ಕೆ ಭಯದ ಹತ್ತು ನಿಮಿಷಗಳಾಗಿದ್ದವು ಎಂಬುದನ್ನು ಒಪ್ಪಿಕೊಳ್ಳಲು ಕಷ್ಟವಾಗುತ್ತದೆ. ಆದರೆ ನೀವು ಹೇಳಿದ್ದು ಒಳ್ಳೆಯದಾಯಿತು. ಇಲ್ಲವಾಗಿದ್ದರೆ ನಾನು ಮರುದಿನವೂ ಅಲ್ಲಿಗೇ ಹೋಗಿ ನಿಲ್ಲುತ್ತಿದ್ದೆ.

ಸಿದ್ದಾಪುರದ ಕಾಲೇಜು ವಿದ್ಯಾರ್ಥಿ

ನನ್ನ ತಂದೆ ಇಪ್ಪತ್ತಾರು ವರ್ಷಗಳಿಂದ ಮರ ಕಪಾತಿನ ಕೆಲಸ ಮಾಡುತ್ತಿದ್ದಾರೆ. ಈ ಚರ್ಚೆಯನ್ನು ಅವರಿಗೆ ಓದಿ ಹೇಳಿದೆ. ಅವರು ಹೇಳಿದ್ದನ್ನು ನನ್ನ ಮಾತುಗಳಲ್ಲಿ ಬರೆಯುತ್ತಿದ್ದೇನೆ.

ಪೊಟರೆ ಎಲ್ಲ ಮರಗಳಲ್ಲಿಯೂ ಆಗುವುದಿಲ್ಲ. ಹಾಲುವಾಣದ ಮರ ಮೆತ್ತಗಿರುವುದರಿಂದ ಅದರ ಒಣಕೊಂಬೆಯನ್ನು ಮರಕುಟಿಗಗಳೂ ಕುಟ್ರುಹಕ್ಕಿಗಳೂ ಸುಲಭವಾಗಿ ಕೊರೆಯುತ್ತವೆ. ಅವು ಬಿಟ್ಟುಹೋದ ತೂತುಗಳಲ್ಲಿ ಗೂಬೆ, ಗಿಳಿ, ಹಾರುವ ಅಳಿಲು ಸೇರಿಕೊಳ್ಳುತ್ತವೆ. ಅತ್ತಿ, ಹಲಸು, ನಂದಿ ಮರಗಳಲ್ಲಿ ಗಾಳಿಗೆ ಕೊಂಬೆ ಮುರಿದ ಜಾಗ ಕೊಳೆತು, ಹತ್ತಾರು ವರ್ಷಗಳಲ್ಲಿ ದೊಡ್ಡ ಪೊಟರೆಯಾಗುತ್ತದೆ. ಸಿಲ್ವರ್ ಓಕ್‌ನಲ್ಲಿ ತಂದೆಯವರು ಗೂಬೆಯ ಪೊಟರೆಯನ್ನು ಒಮ್ಮೆಯೂ ಕಂಡಿಲ್ಲ. ಅವರು ಕೆಲಸ ಕಲಿತ ಕಾಲದಲ್ಲಿ ಒಂದು ತೋಟದಲ್ಲಿ ಹತ್ತು ಪೊಟರೆಗಳು ಸಿಗುತ್ತಿದ್ದರೆ ಈಗ ಒಂದೆರಡು ಸಿಕ್ಕರೆ ಹೆಚ್ಚು ಎನ್ನುತ್ತಾರೆ.

ಪೊಟರೆಯಲ್ಲಿ ಜೀವ ಇದೆಯೋ ಇಲ್ಲವೋ ಎಂದು ಕೆಳಗಿನಿಂದಲೇ ತಿಳಿಯುವ ಬಗೆಯನ್ನೂ ಅವರು ಹೇಳಿದರು. ಬುಡದಲ್ಲಿರುವ ಕಾಫಿ ಎಲೆಗಳ ಮೇಲೆ ಸುಣ್ಣ ಚೆಲ್ಲಿದಂತೆ ಹಿಕ್ಕೆ ಬಿದ್ದಿರುತ್ತದೆ. ಜೀರುಂಡೆಯ ರೆಕ್ಕೆಚಿಪ್ಪು, ಮಿಡತೆಯ ಕಾಲುಗಳು ಸೇರಿದ ಸಣ್ಣ ಉಂಡೆಗಳು ಸಿಗುತ್ತವೆ. ಜೀರ್ಣವಾಗದ್ದನ್ನು ಗೂಬೆ ಹಾಗೆ ಉಗುಳುತ್ತದೆ. ಕಾಂಡವನ್ನು ಬಡಿದು ನೋಡುವುದು ಬೇಡ, ಹಾಗೆ ಮಾಡಿದರೆ ತಾಯಿಹಕ್ಕಿ ಹೊರಗೆ ಹಾರಿ ಕಾಗೆಯ ಕಣ್ಣಿಗೆ ಬೀಳುತ್ತದೆ. ನಿಮ್ಮ ತೋಟದ ಅಣ್ಣ ಮರದಿಂದ ಇಳಿದುಬಂದದ್ದನ್ನು ಕೇಳಿ ತಂದೆಯವರಿಗೆ ಬಹಳ ಸಂತೋಷವಾಯಿತು. ಕೊಂಬೆ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಮರ ಬಿಟ್ಟು ಇಳಿಯುವುದೆಂದರೆ ಆ ದಿನದ ಸಂಪಾದನೆ ಕಡಿಮೆಯಾಗುವುದೆಂದೇ ಅರ್ಥ. ಆ ಕೂಲಿಯನ್ನು ಅವರಿಗೆ ದಯವಿಟ್ಟು ಕೊಡಿ.

ವಿರಾಜಪೇಟೆ ತಾಲೂಕಿನ ಹಿರಿಯ ಬೆಳೆಗಾರರು

ಎಲ್ಲರ ಭಾವನೆಗಳನ್ನೂ ಗೌರವಿಸುತ್ತಲೇ ತೋಟದ ಕಡೆಯ ಮಾತನ್ನು ಹೇಳಬೇಕಾಗಿದೆ. ಮರ ಕಪಾತನ್ನು ನಾವು ಚಟಕ್ಕಾಗಿ ಮಾಡುವುದಲ್ಲ. ಮುಂಗಾರು ಹಿಡಿಯುವ ಮೊದಲು ನೆರಳನ್ನು ತೆಳುವಾಗಿಸಿ ಗಾಳಿ ಬೆಳಕು ಬಿಡದಿದ್ದರೆ, ಜುಲೈ, ಆಗಸ್ಟ್ ತಿಂಗಳಲ್ಲಿ ಬಿಡುವಿಲ್ಲದ ಮಳೆಗೆ ಗಿಡಗಳಲ್ಲಿ ಕೊಳೆರೋಗ ಕಾಣಿಸಿಕೊಂಡು ಎಲೆಯೂ ಕಾಯಿಯೂ ಉದುರುತ್ತವೆ. ಗೂಬೆ ಮರಿ ಮಾಡುವ ಕಾಲವೂ ನಮ್ಮ ಕಪಾತಿನ ಕಾಲವೂ ಒಂದೇ ಆಗಿರುವುದು ಇಬ್ಬರ ದುರದೃಷ್ಟ. ಕೆಲಸದವರು ಸಿಗುವುದೇ ಕಷ್ಟವಾಗಿರುವಾಗ, ಒಂದು ಮರಕ್ಕಾಗಿ ಅವರನ್ನು ಮತ್ತೆ ಕರೆಸುವುದು ಸಣ್ಣ ಬೆಳೆಗಾರರಿಗೆ ಸುಲಭವಲ್ಲ.

ಇನ್ನೊಂದು ವಿಷಯವನ್ನೂ ಯೋಚಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿ ಸಿಲ್ವರ್ ಓಕ್‌ನಂತೆಯೇ ಹಾಲುವಾಣಕ್ಕೂ ವಿನಾಯಿತಿಯಿದೆ. ಬೀಟೆ, ಹೊನ್ನೆಗಳನ್ನು ಕಡಿಯಲು ಅನುಮತಿಗಾಗಿ ಅಲೆಯಬೇಕು, ಹಾಲುವಾಣವನ್ನು ಯಾರೂ ಕೇಳುವುದಿಲ್ಲ. ಹೀಗಾಗಿ ನಮ್ಮಲ್ಲಿ ಅನೇಕರು ಹಳೆಯ ಹಾಲುವಾಣ ತೆಗೆದು, ಮೆಣಸು ಹಬ್ಬಿಸಲು ನೇರವಾಗಿ ಬೆಳೆಯುವ, ನಾಳೆ ಕಾಸೂ ತರುವ ಸಿಲ್ವರ್ ಓಕ್ ನೆಟ್ಟೆವು. ನಾನೂ ನೆಟ್ಟಿದ್ದೇನೆ. ಸಿದ್ದಾಪುರದ ಹುಡುಗನ ತಂದೆ ಹೇಳಿದ ಪೊಟರೆಗಳ ಲೆಕ್ಕವನ್ನು ಓದಿದಾಗ, ನನ್ನ ತೋಟದ ಯಾವ ಮೂಲೆಯಲ್ಲಿ ಆ ಮರಗಳಿದ್ದವೆಂದು ಒಂದೊಂದಾಗಿ ನೆನಪಾಯಿತು.

ಪೊನ್ನಂಪೇಟೆಯ ಹಕ್ಕಿ ವೀಕ್ಷಕರು

ಹಿರಿಯರ ಮಾತು ನ್ಯಾಯವಾದದ್ದು. ಕೊಳೆರೋಗದ ಭಯವನ್ನು ಹಗುರವಾಗಿ ಕಾಣುವ ಸಲಹೆಯನ್ನು ಯಾವ ಬೆಳೆಗಾರರೂ ಒಪ್ಪಬೇಕಾಗಿಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ಒಂದು ಮರದ ಒಂದು ಕೊಂಬೆಯನ್ನು. ಮೊಟ್ಟೆಯಿಟ್ಟ ದಿನದಿಂದ ಮರಿ ಪೊಟರೆ ಬಿಡುವವರೆಗೆ ಸುಮಾರು ಏಳೆಂಟು ವಾರ ಹಿಡಿಯುತ್ತದೆ. ಒಳಗಿನಿಂದ ಮರಿಗಳ ಸದ್ದು ಕೇಳಿಸುತ್ತಿದ್ದರೆ ಅದರಲ್ಲಿ ಅರ್ಧ ಕಾಲ ಈಗಾಗಲೇ ಕಳೆದಿದೆ. ಆ ಮರದ ಉಳಿದ ಕೊಂಬೆಗಳಲ್ಲಿ ಪೊಟರೆಗೆ ದೂರವಿರುವವನ್ನು ಈಗಲೇ ತೆಗೆದರೆ ಕೆಳಗಿನ ಗಿಡಗಳಿಗೆ ಬೆಳಕು ಸಾಕಾಗುತ್ತದೆ. ಪೊಟರೆಯ ಒಣಕೊಂಬೆಯಲ್ಲಿ ಎಲೆಯೇ ಇಲ್ಲದಿರುವಾಗ ಅದು ಕೊಡುವ ನೆರಳಾದರೂ ಎಷ್ಟು? ದಾರಿಯ ಮೇಲೋ ಕೆಲಸದವರ ಲೈನ್ ಮನೆಯ ಮೇಲೋ ಬೀಳುವಂತಿಲ್ಲವಾದರೆ ಅದನ್ನು ಹಾಗೆಯೇ ಬಿಡಬಹುದು.

ಸೋಮವಾರಪೇಟೆಯ ನಿವೃತ್ತ ಶಿಕ್ಷಕಿ

ಈ ಚರ್ಚೆಯಲ್ಲಿ ಯಾರೂ ಎತ್ತದ ವಿಷಯವೊಂದಿದೆ. ಗೂಬೆ ಮನೆಯ ಬಳಿ ಇದ್ದರೆ ಕೇಡು ಎಂಬ ಭಯ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಮಾಡದ ತಪ್ಪನ್ನು ಒಬ್ಬರ ಮೇಲೆ ಹೊರಿಸುವುದನ್ನೇ ನಮ್ಮ ಭಾಷೆಯಲ್ಲಿ ಗೂಬೆ ಕೂರಿಸುವುದು ಎನ್ನುತ್ತೇವೆ. ಅದೇ ಭಾಷೆಯಲ್ಲಿ ಬುಡುಬುಡಿಕೆಯವರು ನಸುಕಿನಲ್ಲಿ ಬಾಗಿಲಿಗೆ ಬಂದು, ಹಾಲಕ್ಕಿ ನುಡಿಯಿತು, ಶುಭವಾಗುತ್ತದೆ ಎಂದು ಹೇಳಿ ಅಕ್ಕಿ ಪಡೆದು ಹೋಗುತ್ತಿದ್ದರು. ಹಾಲಕ್ಕಿಯೂ ಗೂಬೆಯೇ ಅಲ್ಲವೇ? ಲಕ್ಷ್ಮಿಯ ವಾಹನವೆಂದು ಪೂಜಿಸುವ ಹಕ್ಕಿಯನ್ನು ದೀಪಾವಳಿಯ ಸಮಯದಲ್ಲಿ ಮಾಟಮಂತ್ರಕ್ಕಾಗಿ ಹಿಡಿದು ಮಾರುವವರೂ ನಮ್ಮ ದೇಶದಲ್ಲಿದ್ದಾರೆ. ಗೂಬೆಯನ್ನು ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅಪರಾಧ. ಆದ್ದರಿಂದ ನಾಪೋಕ್ಲಿನ ತಂಗಿ ಸ್ಥಳ ಹೇಳದಿರುವುದೇ ಸರಿ. ಮನೆಯಲ್ಲಿ ಹಿರಿಯರು ಆಕ್ಷೇಪಿಸಿದರೆ ವಾದಕ್ಕೆ ಇಳಿಯದೆ, ಸಂಜೆ ಅವರನ್ನು ಜಗಲಿಯಲ್ಲಿ ಕೂರಿಸಿಕೊಂಡು ಆ ದನಿಯನ್ನು ಕೇಳಿಸಮ್ಮ.

ಮಡಿಕೇರಿಯ ಛಾಯಾಗ್ರಾಹಕರು

ನನ್ನ ಆತುರಕ್ಕೆ ಕ್ಷಮೆ ಇರಲಿ. ಸ್ಥಳ ಕೇಳಿದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಪೊಟರೆಯ ಎದುರು ಮೂವರು ಮಸೂರ ಹಿಡಿದು ನಿಂತರೆ ತಂದೆತಾಯಿಗಳು ಮರಿಗಳಿಗೆ ಆಹಾರ ತರಲು ಹಿಂಜರಿಯುತ್ತವೆಂಬುದು ನನಗೆ ಗೊತ್ತಿತ್ತು, ಆದರೂ ಕೇಳಿಬಿಟ್ಟೆ. ಮುಂದೆ ಎಂದಾದರೂ ತಾವು ದೂರದಿಂದ ಅದರ ಕೂಗನ್ನು ಧ್ವನಿಮುದ್ರಿಸಿಕೊಂಡರೆ ಈ ಪ್ರಭೇದದ ಗುರುತಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮುದ್ರಿಸಿದ ಕೂಗನ್ನು ಮಾತ್ರ ಅಲ್ಲಿಯೇ ಜೋರಾಗಿ ಹಾಕಬೇಡಿ. ಬೇರೊಂದು ಗೂಬೆ ತನ್ನ ಜಾಗಕ್ಕೆ ಬಂದಿದೆಯೆಂದು ಅದು ಬೇಟೆ ಬಿಟ್ಟು ಕಾವಲಿಗೆ ನಿಲ್ಲುತ್ತದೆ.

ಕುಶಾಲನಗರದ ಪಶುವೈದ್ಯರು

ಮರಿಗಳು ಹೊರಬರುವ ಸಮಯಕ್ಕೆ ಉಪಯೋಗವಾಗಲೆಂದು ಇಷ್ಟು ಬರೆಯುತ್ತೇನೆ. ಗೂಬೆಮರಿಗಳು ಸರಿಯಾಗಿ ಹಾರಲು ಬರುವ ಮೊದಲೇ ಪೊಟರೆ ಬಿಟ್ಟು ಕೊಂಬೆಗಳ ಮೇಲೆ ತೆವಳುತ್ತವೆ, ಕೆಲವೊಮ್ಮೆ ಕೆಳಗೆ ಬೀಳುತ್ತವೆ. ಅನಾಥವೆಂದು ಮನೆಗೆ ತರುವುದೇ ಆಗ ನಾವು ಮಾಡುವ ದೊಡ್ಡ ತಪ್ಪು. ಗಾಯವಿಲ್ಲದಿದ್ದರೆ ನಾಯಿ, ಬೆಕ್ಕು ತಲುಪದ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯಿರಿ. ಕತ್ತಲಾದ ಮೇಲೆ ತಾಯಿ ದನಿ ಹಿಡಿದು ಬರುತ್ತದೆ. ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಎಂಬ ಮಾತು ನಿಜವಲ್ಲ. ರೆಕ್ಕೆ ಜೋತಿದ್ದರೆ ಅಥವಾ ರಕ್ತ ಕಾಣಿಸಿದರೆ, ಗಾಳಿಯಾಡಲು ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಇರಿಸಿ, ಕತ್ತಲೆಯ ಸದ್ದಿಲ್ಲದ ಜಾಗದಲ್ಲಿಟ್ಟು ಅರಣ್ಯ ವಲಯ ಕಚೇರಿಗೆ ತಿಳಿಸಿ. ಹಾಲು, ಅನ್ನ ತಿನ್ನಿಸಬೇಡಿ, ಕೊಕ್ಕಿಗೆ ನೀರು ಹಾಕಬೇಡಿ. ನೀರು ಶ್ವಾಸನಾಳಕ್ಕೆ ಹೋಗಿ ಸಾಯುವುದುಂಟು. ತೋಟದ ಉಗ್ರಾಣದಲ್ಲಿ ಇಲಿಪಾಷಾಣ ಇಟ್ಟಿದ್ದರೆ ಈ ಎರಡು ತಿಂಗಳಾದರೂ ತೆಗೆದುಬಿಡಿ. ಚಿಟ್ಟುಗೂಬೆಯ ಮುಖ್ಯ ಆಹಾರ ಕೀಟಗಳೇ ಆದರೂ ಸಿಕ್ಕಿದ ಸಣ್ಣ ಇಲಿಯನ್ನು ಅದು ಬಿಡುವುದಿಲ್ಲ.

ನಾಪೋಕ್ಲು ಸಮೀಪದ ಬೆಳೆಗಾರ್ತಿ (ಜೂನ್ ಎರಡನೆಯ ವಾರ)

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸಿ. ಹಾಲುವಾಣದ ಗದ್ದೆಯ ಕಡೆಯ ಮೂರು ಕೊಂಬೆಗಳನ್ನು ಮಾತ್ರ ತೆಗೆಸಿದೆ. ಮರದಿಂದ ಇಳಿದ ಅಣ್ಣನಿಗೆ ಆ ದಿನದ ಪೂರ್ತಿ ಕೂಲಿ ಕೊಟ್ಟೆ. ಅವರು ಮೊದಲು ಬೇಡವೆಂದರು, ಆಮೇಲೆ ತೆಗೆದುಕೊಂಡರು. ಬುಡದ ಎಲೆಗಳ ಮೇಲೆ ಸುಣ್ಣದಂಥ ಹಿಕ್ಕೆಯೂ ಜೀರುಂಡೆಯ ಹೊಳೆಯುವ ಚಿಪ್ಪುಗಳಿದ್ದ ಉಂಡೆಗಳೂ ಸಿದ್ದಾಪುರದ ಹಿರಿಯರು ಹೇಳಿದಂತೆಯೇ ಸಿಕ್ಕವು.

ನಾನು ಹತ್ತಿರಕ್ಕೆ ಹೋಗಲಿಲ್ಲ. ಕಣದ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡರೆ ಆ ಮರದ ತುದಿ ಆಕಾಶಕ್ಕೆ ಎದುರಾಗಿ ಕಾಣುತ್ತದೆ. ಸಂಜೆ ಏಳು ಗಂಟೆ ದಾಟಿದ ಮೇಲೆ ಮೂರು ಸ್ವರಗಳ ಆ ಕೂಗು ಆರಂಭವಾಗುತ್ತಿತ್ತು, ಟುಕ್, ಟುಕ್‌ಟುರ್ ಎಂದು ಒಂದೇ ಲಯದಲ್ಲಿ, ಕೆಲವು ದಿನ ಅರ್ಧ ಗಂಟೆಯವರೆಗೆ. ಅತ್ತೆಯವರು ಮೊದಲ ದಿನ ಕಿವಿ ಮುಚ್ಚಿಕೊಂಡು ಒಳಗೆ ಹೋದರು. ನಾಲ್ಕನೆಯ ದಿನ ತಾವಾಗಿಯೇ ಬಂದು, ಇದು ಚಿಕ್ಕಂದಿನಲ್ಲಿ ತವರಿನ ದೇವರಕಾಡಿನಿಂದ ಕೇಳುತ್ತಿದ್ದ ದನಿ, ಇದು ಗೂಬೆಯದೆಂದು ತಮಗೆ ಯಾರೂ ಹೇಳಿರಲಿಲ್ಲ ಎಂದರು.

ಮುಂಗಾರು ಹಿಡಿಯುವ ಎರಡು ದಿನ ಮೊದಲು, ಇನ್ನೂ ಸ್ವಲ್ಪ ಬೆಳಕಿರುವಾಗ, ಒಣಕೊಂಬೆಯ ಮೇಲೆ ಮೂರು ಉಂಡೆಗಳು ಕಾಣಿಸಿದವು. ದುರ್ಬೀನಿನಲ್ಲಿ ನೋಡಿದೆ. ಎರಡು ಬೂದು, ಒಂದು ಕೆಂಪು ಛಾಯೆಯದು. ಮೂರೂ ದುಂಡಗೆ ಉಬ್ಬಿಕೊಂಡಿದ್ದವು, ಒಂದರ ತಲೆಯ ಮೇಲೂ ಕೊಂಬು ಎದ್ದಿರಲಿಲ್ಲ.